ಎಕ್ಸೆಲ್ ಅಪ್ಪ

ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಹಳದಿ ವ್ಯಾನು ಹಾರನ್ ಹೊಡೆಯುತ್ತದೆ. ನಮಗೆಲ್ಲ ಅದೇ ಅಲಾರಂ. ಗೇಟು ತೆರೆದು ಮೊದಲು ಬರುವುದು ಒಂದು ಬ್ಯಾಗು. ಅದರ ಹಿಂದೆ ಎರಡನೇ ಕ್ಲಾಸಿನ ಹುಡುಗ, ಅರೆಮುಚ್ಚಿದ ಕಣ್ಣು, ದವಡೆಯಲ್ಲಿ ಒತ್ತಿಟ್ಟುಕೊಂಡ ಇಡ್ಲಿ. ಕೊನೆಗೆ ಲುಂಗಿಯಲ್ಲಿ ಎಕ್ಸೆಲ್ ಅಪ್ಪ.

ಹೆಸರು ನಾವಿಟ್ಟದ್ದು. ಮಗನಿಗೆ ಎರಡೂವರೆ ವರ್ಷವಾದಾಗಲೇ ಇವರು ಶಾಲೆಗಳ ಎಕ್ಸೆಲ್ ಶೀಟು ಮಾಡಿದ್ದರು. ಸಿಬಿಎಸ್‌ಇಯೋ ಐಸಿಎಸ್‌ಇಯೋ, ಈಜುಕೊಳ ಎಷ್ಟು ಆಳ, ಕುದುರೆ ಇದೆಯೇ, ಇದ್ದರೆ ಎಷ್ಟು, ಹೀಗೆ ಇಪ್ಪತ್ತಮೂರು ಕಾಲಂ. ದೂರದ ಕಾಲಮ್ಮೂ ಇತ್ತು, ‘ಹೈಡ್’ ಮಾಡಿದ್ದರು. ಗೆದ್ದದ್ದು ಸರ್ಜಾಪುರ ರಸ್ತೆಯಾಚೆಯ ಒಂದು ಶಾಲೆ. “ಬರೀ ಮೂವತ್ತೈದು ನಿಮಿಷ ಸಾರ್, ನಾನೇ ಕಾರು ಓಡಿಸಿ ನೋಡಿದ್ದೀನಿ.” ನೋಡಿದ್ದು ಹೌದು, ಯುಗಾದಿ ದಿನ, ಬೆಳಗಿನ ಜಾವ.

ಉಳಿದ ದಿನಗಳಲ್ಲಿ ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ ಇರುತ್ತದೆ. ಶಾಲಾ ವಾಹನ 40 ಕಿ.ಮೀ. ವೇಗ ದಾಟಬಾರದೆಂದು ಸ್ಪೀಡ್ ಗವರ್ನರ್ ಕೂರಿಸುತ್ತಾರಲ್ಲ, ಅಲ್ಲಿ ಆ ಯಂತ್ರದಂಥ ನಿರುದ್ಯೋಗಿ ಇನ್ನೊಂದಿಲ್ಲ. 2024ರಲ್ಲಿ ರಾಗಿಗುಡ್ಡದಿಂದ ಡಬಲ್ ಡೆಕ್ಕರ್ ಮೇಲ್ಸೇತುವೆ ತೆರೆದಾಗ ಎಕ್ಸೆಲ್ ಅಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಈಗ ವ್ಯಾನು ಮೇಲೇರಿ ಹೋಗಿ, ಮುಂದಿನ ಜಾಮನ್ನು ಐದು ನಿಮಿಷ ಮೊದಲೇ ಸೇರಿಕೊಳ್ಳುತ್ತದೆ. ಹುಡುಗನೇನೂ ದಡ್ಡನಲ್ಲ. ಹಿಂದಕ್ಕೆ ಎಣಿಸುವುದನ್ನು ಸಿಗ್ನಲ್ಲಿನ ಕೆಂಪು ಅಂಕಿ ನೋಡಿಯೇ ಕಲಿತ. “ಸೊನ್ನೆ ಆದ್ಮೇಲೆ ಏನು ಬರುತ್ತೆ ಪುಟ್ಟಾ?” ಎಂದರೆ “ಮತ್ತೆ ನೂರಾ ಎಂಬತ್ತು” ಅನ್ನುತ್ತಾನೆ.

ಬೀದಿಯ ತುದಿಯಲ್ಲೇ ಒಂದು ಶಾಲೆಯಿದೆ. ಅಲ್ಲಿನ ಪ್ರಾರ್ಥನೆ ಇವರ ಬಾಲ್ಕನಿಗೆ ಕೇಳುತ್ತದೆ. ಐದನೇ ತರಗತಿವರೆಗಿನ ಮಗುವಿಗೆ 1 ಕಿ.ಮೀ. ಒಳಗೇ ಶಾಲೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮವೇ ಇದೆಯಪ್ಪಾ, ಎಂದು ಎದುರುಮನೆಯ ರಿಟೈರ್ಡ್ ಮೇಷ್ಟ್ರು ಒಮ್ಮೆ ಬಾಯಿಬಿಟ್ಟರು. “ನಡ್ಕೊಂಡು ಹೋಗೋ ಸ್ಕೂಲಾ?” ಎಂದರು ಎಕ್ಸೆಲ್ ಅಪ್ಪ, ನೆಲ್ಲಿಕಾಯಿ ಕಚ್ಚಿದ ಮುಖ ಮಾಡಿ. ಮೇಷ್ಟ್ರು ಪೇಪರ್ ಎತ್ತಿಕೊಂಡರು.

ಮೊನ್ನೆ ಸಂಜೆ ಐದಕ್ಕೆ ವ್ಯಾನು ಬಂದಾಗ ಅಪ್ಪ ಗೇಟಿನಲ್ಲಿ ನಿಂತು ಫೋನಿಗೆ ಕೂಗಾಡುತ್ತಿದ್ದರು. ವಾರಕ್ಕೆ ಮೂರು ದಿನ ಬೆಳ್ಳಂದೂರಿನ ಆಫೀಸಿಗೆ ಬನ್ನಿ ಅಂದಿದ್ದರಂತೆ. “ಈ ಟ್ರಾಫಿಕ್ಕಲ್ಲಿ ಅಷ್ಟು ದೂರ ಹೋಗಿ ಬಂದ ಮನುಷ್ಯನಿಗೆ ತಲೆ ಓಡುತ್ತೇನ್ರೀ? ಸ್ವಲ್ಪ ಮನುಷ್ಯತ್ವ ಬೇಡವಾ?” ಎನ್ನುತ್ತಲೇ ಎಡಗೈಯಲ್ಲಿ ಮಗನ ಬ್ಯಾಗು ಇಸಕೊಂಡರು. ಹುಡುಗ ಮೆಟ್ಟಿಲ ಮೇಲೆ ಕೂತು ಒಂದು ಶೂ ಬಿಚ್ಚಿದ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ನಿದ್ದೆಹೋಗಿದ್ದ.