ಆರೂವರೆ ನಿಮಿಷದ ಯೋಗ

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಜನ ಹೊಟ್ಟೆ ಕರಗಿಸಲು ಓಡುತ್ತಾರೆ. ನಮ್ಮ ಕಡೆ ಓಡುವವರಿಗೆ ಕರಗಿಸಲು ಹೊಟ್ಟೆಯೇ ಇರುವುದಿಲ್ಲ. ನಸುಕಿನಲ್ಲಿ ಆಳಂದದಿಂದ ಉಮರ್ಗಾ ದಿಕ್ಕಿಗೆ, ಅಫಜಲಪುರದಿಂದ ಗಾಣಗಾಪುರದ ದಿಕ್ಕಿಗೆ, ಜೇವರ್ಗಿಯಿಂದ ಕಟ್ಟಿಸಂಗಾವಿಯ ಭೀಮಾ ಸೇತುವೆಯತ್ತ ಹುಡುಗರು ಓಡುವುದು ‘ಫಿಜಿಕಲ್’ ಪಾಸಾಗಲು. ಪೊಲೀಸ್ ಪೇದೆಯಾಗಬೇಕಾದ ಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ನಮಗೆ 371(ಜೆ) ಮೀಸಲಾತಿ ಇದೆ, ನಿಜ. ಆದರೆ ಸ್ಟಾಪ್‌ವಾಚಿಗೆ ಅದು ಅನ್ವಯಿಸುವುದಿಲ್ಲ.

ಇಂಥವರಿಗೆ ಯೋಗದಿಂದ ಮನಶ್ಶಾಂತಿ ಸಿಗುತ್ತದೆ ಎಂದು ಹೇಳಿ ನೋಡಿ. ನಮ್ಮಣ್ಣನ ಮಗ ಹೇಳಿದ: “ಶಾಂತಿ ಆರ್ಡರ್ ಬಂದ ಮ್ಯಾಲ ನೋಡೂಣ್ರಿ ಕಾಕಾ.”

ಮಳೆಗಾಲದಲ್ಲಿ ಎರಿಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಎರಡು ಕಾಲಿನ ತೂಕವಾಗುತ್ತದೆ. ಹಾಗಾಗಿ ಇವರ ಓಟ ಹೆಚ್ಚಾಗಿ ಡಾಂಬರಿನ ಮೇಲೆ. ಅದರ ಪೆಟ್ಟಿಗೆ ಮೀನಖಂಡ, ತೊಡೆಯ ಹಿಂಭಾಗ ಬಿಗಿದುಕೊಳ್ಳುತ್ತವೆ. ನಮ್ಮ ಹುಡುಗ ಬಗ್ಗಿದರೆ ಕೈ ಮೊಣಕಾಲಿಗೇ ನಿಲ್ಲುತ್ತಿತ್ತು. ಅಲ್ಲಿಂದ ಕೆಳಗಿನ ಕಾಲು ಬೇರೆ ತಾಲೂಕಿಗೆ ಸೇರಿದ್ದು.

ನನಗೆ ಕೋಲಾರ ಜಿಲ್ಲೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ನೆನಪಾದರು. 1918ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಹುಟ್ಟಿ, ಮಲೇರಿಯಾ, ಟೈಫಾಯಿಡ್, ಕ್ಷಯ ಒಂದನ್ನೂ ಬಿಡದೆ ಅನುಭವಿಸಿದ ಆ ಬಾಲಕ ಯಾವ ಫಿಜಿಕಲ್ಲೂ ಪಾಸಾಗುವಂತಿರಲಿಲ್ಲ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು ಪುಣೆ ಸೇರಿದವರ ಹತ್ತಿರ ಮುಂದೆ ಕ್ರಿಕೆಟಿಗ ತೆಂಡುಲ್ಕರರೂ ಸಲಹೆಗೆ ಹೋದರು. ಬಗ್ಗದ ಮೈಯನ್ನು ಬೈಯದೆ ಅದಕ್ಕೆ ಹಗ್ಗ, ಕುರ್ಚಿ, ಬೆಲ್ಟಿನ ಆಸರೆ ಕೊಟ್ಟದ್ದು ಅವರ ದೊಡ್ಡ ಉಪಕಾರ.

ಟ್ರ್ಯಾಕ್ಟರ್ ಬಂದಾಗಿನಿಂದ ಗೂಟಕ್ಕೆ ಜೋತುಬಿದ್ದಿದ್ದ ಎತ್ತಿನ ಹಗ್ಗ ನಮ್ಮಲ್ಲಿತ್ತು. ಮಲಗಿ, ಅದನ್ನು ಅಂಗಾಲಿಗೆ ಹಾಕಿ, ಕಾಲನ್ನು ನೇರವಾಗಿ ಮೇಲೆತ್ತಿದರೆ ಸುಪ್ತ ಪಾದಾಂಗುಷ್ಠಾಸನ. ಹೀಗೆ ನಮ್ಮ ಮನೆಯಲ್ಲಿ ಮೊದಲು ನೌಕರಿ ಸಿಕ್ಕಿದ್ದು ಆ ಹಗ್ಗಕ್ಕೆ. ಬೆನ್ನಿಗೆ ತೊಗರಿ ಚೀಲ. ಅವ್ವ ನೋಡಿ, “ಓಡಬೇಕಾದ ಹುಡುಗನ ಕಾಲಿಗಿ ಯಾಕ ಹಗ್ಗ ಕಟ್ಟೀರೋ?” ಎಂದಳು.

ವೃಕ್ಷಾಸನಕ್ಕೆ ಅವನು ತಾನಾಗಿ ಒಲಿದ. ಓಡುವಾಗ ಎರಡೂ ಪಾದ ಒಟ್ಟಿಗೆ ನೆಲದ ಮೇಲಿರುವ ಕ್ಷಣವೇ ಇಲ್ಲ. ಒಂಟಿಕಾಲಲ್ಲಿ ಅಲುಗದೆ ನಿಲ್ಲಬಲ್ಲ ಕಣಕಾಲಿಗೆ ಓಟದ ಪ್ರತಿ ಹೆಜ್ಜೆಯೂ ಹಗುರ. ಒಂದೇ ಷರತ್ತು: ನಿಧಾನವಾಗಿ ಎಳೆದು ಹಿಡಿಯುವ ಆಸನಗಳೆಲ್ಲ ಓಟ ಮುಗಿದ ಮೇಲೆ. ಮೊದಲೇ ಬಹಳ ಹೊತ್ತು ಎಳೆದರೆ ಸ್ನಾಯುವಿನ ಪುಟಿತ ತಗ್ಗುತ್ತದೆ. ಸೆಕೆಂಡು ಇಳಿಸುವುದು ಓಟವೇ. ಯೋಗ ಇಳಿಸುವುದು ನೋವಿನಿಂದ ಹಾಕುವ ರಜೆಗಳನ್ನು. ಮಂಡಕ್ಕಿ ಸುಸಲಾ ಜೊತೆ ತಿನ್ನುವ ಮಿರ್ಚಿಯನ್ನು ಇಳಿಸುವ ಆಸನ ಪತಂಜಲಿಗೂ ಹೊಳೆದಿರಲಿಲ್ಲ.

2015ರಿಂದ ಯೋಗ ದಿನವಾಗಿರುವ ಜೂನ್ 21ರಂದು ಮಾತ್ರ ಹುಡುಗರಿಗೆ ಯೋಗದ ಮೇಲೆ ಸಿಟ್ಟು. ಮೈದಾನದ ತುಂಬ ಚಾಪೆ, ಓಡಲು ಜಾಗವಿಲ್ಲ. ಈ ಸಲ ನಾವಿಬ್ಬರೂ ಹೋಗಿ ಹಿಂದೆ ಕೂತೆವು. ಮುಂದಿನ ಸಾಲಿನ ಖಾಕಿ ಸಾಹೇಬರೊಬ್ಬರು ಪಾದಹಸ್ತಾಸನಕ್ಕೆ ಬಗ್ಗಿ, ಅರ್ಧದಾರಿಯಲ್ಲೇ ಫೋಟೊಗೆ ನಗುತ್ತಿದ್ದರು. ಹುಡುಗ ಕಿವಿಯಲ್ಲಿ ಹೇಳಿದ: “ಕಾಕಾ, ಇವರು ಪಾಸಾದವರ್‍ರೀ.”