ಸೈಲೆನ್ಸರ್ ರಿಪೇರಿ

(ಮದ್ದೂರಿನ ಒಂದು ಮನೆ, ಭಾನುವಾರ ಮಧ್ಯಾಹ್ನ. ಅತ್ತಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮೈದುನ ಶಿವು ಆಟೋ ಓಡಿಸುವವನು. ಬಂದು ಅರ್ಧ ಗಂಟೆಯಾದರೂ ಕೂತಿಲ್ಲ.)

ಅತ್ತಿಗೆ: ಕೂತ್ಕೊಳೋ, ಮುದ್ದೆ ಆರ್ತಾ ಇದೆ.

ಶಿವು: ಬೇಡ ಅತ್ಗೆ. ಎರಡು ದಿನದಿಂದ ಬರೀ ಟೀ, ಬನ್ನು.

ಅತ್ತಿಗೆ: ಕರೀದೇ ಇದ್ರೂ ಬೀಗರೂಟಕ್ಕೆ ಹೋಗೋನು ನೀನು! ಏನಾಗಿದೆ?

ಶಿವು: ನಂಗೇನಿಲ್ಲ. ಗಾಡೀದು. ಹಿಂದ್ಗಡೆ... ಸೈಲೆನ್ಸರ್ ಹತ್ರ ಲೀಕು.

ಅತ್ತಿಗೆ: (ಸೌಟು ಕೆಳಗಿಟ್ಟು) ಕೆಂಪಾ, ಕಪ್ಪಾ?

ಶಿವು: ಕೆಂಪು. ಎರಡೇ ತೊಟ್ಟು. ಕಪ್ಪಗಿದ್ರೆ?

ಅತ್ತಿಗೆ: ಡಾಂಬರಿನಂಗೆ ಕಪ್ಪಗಿದ್ರೆ ರಕ್ತ ಮೇಲಿಂದ, ಹೊಟ್ಟೆ ಕಡೆಯಿಂದ ಬರ್ತಿರಬಹುದು. ಗಾಡಿಗೆ ನೋವಿದ್ಯಾ?

ಶಿವು: ಗಾಜಿನ ಚೂರು ಇಳಿದಂಗೆ! ಆಮೇಲೂ ಎರಡು ಗಂಟೆ ಉರಿ. ಮೂಲವ್ಯಾಧಿನೇ ಅತ್ಗೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಬರೆದವ್ರಲ್ಲ, ‘ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ ಗ್ಯಾರಂಟಿ’ ಅಂತ. ನಂಬರ್ ಬರ್ಕೊಂಡಿದೀನಿ.

ಅತ್ತಿಗೆ: ಅದೇ ಗೋಡೆ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಅಂತಾನೂ ಬರೆದವ್ರೆ. ಅದನ್ನ ಯಾವತ್ತಾದ್ರೂ ನಂಬಿದೀಯಾ? ಒಳಗಿನ ಮೂಲವ್ಯಾಧಿ ಅಂದ್ರೆ ರಕ್ತನಾಳ ಊದ್ಕೊಳೋದು. ರಕ್ತ ತೊಟ್ಟಿಕ್ಕಿದ್ರೂ ಸಾಮಾನ್ಯವಾಗಿ ನೋವಿರಲ್ಲ. ಭಗಂದರ ಆದ್ರೆ ಪಕ್ಕದಲ್ಲಿ ತೂತು, ಕೀವು. ನಿಂದು ಚರ್ಮ ಸೀಳಿರೋದು, ಫಿಷರ್ ಇರಬೇಕು. ಬೆಳಿಗ್ಗೆ ಎಷ್ಟೊತ್ತಿಗೆ ಗಾಡಿ ತೆಗೀತೀಯ?

ಶಿವು: ಐದೂವರೆಗೆ. ರೈಲಿಗೆ ಹೋಗೋರು ಸಿಕ್ತಾರೆ.

ಅತ್ತಿಗೆ: ಅದಕ್ಕೆ ಮುಂಚೆ ‘ಹೋಗ್ತೀಯಾ’?

ಶಿವು: ಟೈಮೆಲ್ಲಿ? ತಡ್ಕೋತೀನಿ. ನೀರೂ ಕುಡಿಯಲ್ಲ. ಕುಡಿದ್ರೆ ಇಳೀಬೇಕು, ಇಳಿದ್ರೆ ಕ್ಯೂ ತಪ್ಪುತ್ತೆ.

ಅತ್ತಿಗೆ: ಆಯಿಲ್ ಹಾಕದೆ ಎಂಜಿನ್ ಓಡಿಸಿದಂಗಾಯ್ತು. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ಸೀಳು, ಸೀಳಿದಷ್ಟೂ ಹೆದರಿ ತಡೆಯೋದು. ಈಗ ಊಟಾನೂ ಬಿಟ್ಟಿದೀಯ!

ಶಿವು: ಒಳಗೇ ಹೋಗದಿದ್ರೆ ಹೊರಗೆ ಹೆಂಗೆ ಬರುತ್ತೆ, ಅಂತ...

ಅತ್ತಿಗೆ: ಮೀಟರ್‌ನೂ ಹಿಂಗೇ ಓಡಿಸ್ತೀಯಾ? ಮುದ್ದೆ, ಸೊಪ್ಪು, ಕಾಳು ತಿನ್ನು. ರಾತ್ರಿ ಇಸಬಗೋಲು, ಅದರ ಜೊತೆ ನೀರು ಚೆನ್ನಾಗಿ ಕುಡಿ. ಇಲ್ಲಾಂದ್ರೆ ಅದೇ ಕಟ್ಕೊಳುತ್ತೆ. ದಿನಕ್ಕೆ 2 ಸಲ ಬೆಚ್ಚಗಿನ ನೀರಿನ ಟಬ್ಬಲ್ಲಿ 10–15 ನಿಮಿಷ ಕೂರು, ಬಿಗಿದಿರೋ ಸ್ನಾಯು ಸಡಿಲ ಆಗುತ್ತೆ. ಹೊಸ ಸೀಳು ಹೆಚ್ಚಿನವು 6 ವಾರದೊಳಗೆ ಕೂಡ್ಕೊಳುತ್ವೆ. ಕಕ್ಕಸಿಗೆ ಮೊಬೈಲ್ ತಗೊಂಡು ಹೋಗ್ಬೇಡ. ನಾಳೆ ಡಾಕ್ಟರಿಗೆ ತೋರಿಸು, ಮುಲಾಮು ಬರೀತಾರೆ.

ಶಿವು: (ಕಿವಿ ಕೆಂಪಾಗಿ) ತೋರಿಸ್ಲೇಬೇಕಾ?

ಅತ್ತಿಗೆ: ಮೆಕ್ಯಾನಿಕ್ ಹತ್ರ ಹೋಗಿ, ಹಿಂದಿನ ಡೋರ್ ಮಾತ್ರ ತೆಗೀಬೇಡಿ ಅಂತೀಯಾ? ಆಟೋ ಎಂಜಿನ್ ಇರೋದೇ ಹಿಂದೆ! ನೀನಿನ್ನೂ ಹುಡುಗ, ಪರವಾಗಿಲ್ಲ. 50 ದಾಟಿದ ನಿಮ್ಮಣ್ಣನಂಥೋರಿಗೆ ರಕ್ತ ಬಂದ್ರೆ, ಮೂಲವ್ಯಾಧಿ ಅಂತ ಸುಮ್ನಿರೋ ಹಾಗಿಲ್ಲ. ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳೋಕೆ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡ್ತಾರೆ.

(ಶಿವು ಬಚ್ಚಲಿಂದ ಮಗುವಿನ ಟಬ್ಬು ಎತ್ತಿಕೊಂಡು ಬರುತ್ತಾನೆ. ಅಣ್ಣ ಬಾಗಿಲಲ್ಲಿ ಎದುರಾಗುತ್ತಾನೆ.)

ಅಣ್ಣ: ಎಲ್ಲಿಗೋ ಟಬ್ಬು?

ಶಿವು: ಸೈಲೆನ್ಸರ್ ನೆನೆಹಾಕೋಕೆ ಅಣ್ಣ.

ಅಣ್ಣ: (ಹೆಂಡತಿಯ ಕಡೆ ಒಮ್ಮೆ ನೋಡಿ, ಮೆಲ್ಲಗೆ) ನೀನು ಎದ್ಮೇಲೆ ನೀರು ಚೆಲ್ಲಿ ಬೇರೆ ಬಿಸಿನೀರು ತುಂಬ್ಸಿಡು ಕಣೋ. ನಂಗೂ ಬೇಕು.

ಅತ್ತಿಗೆ: (ಒಳಗಿಂದ) ಏನ್ರೀ, ನಿಮ್ದು ಕೆಂಪಾ, ಕಪ್ಪಾ?