ಬಾಯಿಲ್ಲದ ನೋಟು, ಬಾಯಿಬಡುಕ ಫೋನು

ನಗದು ಒಳ್ಳೆಯದೋ, ಫೋನಿನಲ್ಲಿ ಸ್ಕ್ಯಾನ್ ಮಾಡುವುದು ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ನಾನು ಥಟ್ಟನೆ ಉತ್ತರ ಕೊಡುವುದಿಲ್ಲ. ಮೊದಲು ನನ್ನಾಕೆ ಎಲ್ಲಿದ್ದಾಳೆಂದು ನೋಡಿಕೊಳ್ಳುತ್ತೇನೆ. ನಮ್ಮದು ಜಂಟಿ ಖಾತೆ, ಬ್ಯಾಂಕಿನಲ್ಲಿ ಇಬ್ಬರ ನಂಬರೂ ಇದೆ. ಡಾಕ್ಟರು ನನಗೆ ಕರಿದದ್ದನ್ನು ಬಿಡಿಸಿದ್ದಾರೆ. ಆದರೆ ಗಾಂಧಿಬಜಾರಿನಲ್ಲಿ ಸಂಜೆ ಹೊತ್ತು ಬೀಸುವ ಗಾಳಿಗೆ ಆ ವಿಷಯ ಗೊತ್ತಿಲ್ಲ. ಬೋಂಡಾ ಬಾಯಿಗಿಡುವಷ್ಟರಲ್ಲಿ ಮನೆಗೆ ಸುದ್ದಿ ಮುಟ್ಟಿರುತ್ತದೆ.

“ನಲವತ್ತು ರೂಪಾಯಿ ಯಾತಕ್ಕೆ ಹೋಯ್ತು?”

“ಪೇಪರ್ ತಗೊಂಡೆ ಕಣೇ.”

“ಪೇಪರಿನವರು ಬೋಂಡಾ ಅಂಗಡಿ ಹೆಸರಿಟ್ಟುಕೊಂಡಿದಾರಾ?”

ನೋಟಿಗೆ ಈ ಚಾಳಿ ಇರಲಿಲ್ಲ. ಅದು ಯಾರ ಜೇಬಿಗೆ ಹೋದರೂ ಬಂದ ದಾರಿಯನ್ನು ಹೇಳುತ್ತಿರಲಿಲ್ಲ. ಈ ಗುಣ ನಂಬಿಯೇ ನಮ್ಮ ಅಜ್ಜಿಯರು, ಅಮ್ಮಂದಿರು ಸಾಸಿವೆ ಡಬ್ಬಿಯೊಳಗೆ ಬ್ಯಾಂಕು ನಡೆಸಿದರು. 2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟು ರದ್ದಾದಾಗ ಎಷ್ಟೋ ಮನೆಗಳಲ್ಲಿ ಆ ಡಬ್ಬಿಗಳು ಗಂಡಸರ ಎದುರಿಗೇ ಬಾಯಿ ತೆರೆಯಬೇಕಾಯಿತು. ಸಾಸಿವೆಯ ಕಪ್ಪು ಬಿಟ್ಟರೆ ಆ ಹಣದಲ್ಲಿ ಬೇರೆ ಕಪ್ಪೇನೂ ಇರಲಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಹುಟ್ಟಿದ್ದ ಯುಪಿಐಗೆ ಕೂಸಾಗಿರುವಾಗಲೇ ಸಂಸಾರದ ಭಾರ ಬಿತ್ತು.

ಕೂಸು ಬೆಳೆದು ಮಾತು ಕಲಿಯಿತು. ಹಣ ಹಾಕಿದೆ ಎಂದು ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಜಾಗ ಖಾಲಿ ಮಾಡುವ ಬುದ್ಧಿವಂತರಿಂದಾಗಿ ಅಂಗಡಿಗಳಿಗೆ ಕೂಗುವ ಡಬ್ಬಿ ಬಂತು. ಬೆಳ್ಳಿ ಅಂಗಡಿಯ ಯಜಮಾನರು ಹಿಂದೆ ನಿಂತಿರುವಾಗಲೇ ಅದು ನಾನು ಕೊಂಡ ಒಂದು ಕಟ್ಟು ಕೊತ್ತಂಬರಿಯನ್ನು “ಹತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಬೀದಿಗೆಲ್ಲ ಸಾರುತ್ತದೆ.

ಗಿರಾಕಿಯ ಗುಟ್ಟು ರಟ್ಟಾದಾಗ ನಕ್ಕ ಅಂಗಡಿಯವರ ಸರದಿ 2025ರ ಜುಲೈನಲ್ಲಿ ಬಂತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರು 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಯುಪಿಐ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಬೆಂಗಳೂರಿನ ಬೀದಿಗಳಲ್ಲಿ “ನೋ ಯುಪಿಐ, ಓನ್ಲಿ ಕ್ಯಾಶ್” ಬೋರ್ಡುಗಳು ಎದ್ದವು. ನಮ್ಮ ಬೋಂಡಾದವನೂ ಕ್ಯೂಆರ್ ಕೋಡಿನ ಮೇಲೆ ಬಾಳೆ ಎಲೆ ಮುಚ್ಚಿ “ಕ್ಯಾಶ್ ಕೊಡಿ ಸಾರ್” ಅಂದ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಹಿತವೂ ವ್ಯಾಪಾರಿಯ ಹಿತವೂ ಒಂದಾದವು.

ಆದರೆ ಮೌನಿ ನೋಟಿಗೂ ಅದರದೇ ಗರ್ವ. ಎಟಿಎಂ ಕೊಡುವುದು ಐನೂರರ ನೋಟು. ಚಿಲ್ಲರೆ ಕೇಳಿದರೆ ಅಂಗಡಿಯವನ ಮುಖ ಹುಳ್ಳಗಾಗುತ್ತದೆ. ಹತ್ತರ ನಾಣ್ಯ ಚಲಾವಣೆಯಲ್ಲಿದೆ ಎಂದು ರಿಸರ್ವ್ ಬ್ಯಾಂಕು ಹೇಳಿದರೂ ಕೆಲವರು ಅದನ್ನು ಮುಟ್ಟುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಬಾಕಿಯನ್ನು ಟಿಕೆಟಿನ ಹಿಂದೆ ಗೀಚಿ ಕೊಡುತ್ತಾರೆ. ಇಳಿಯುವ ಸ್ಟಾಪು ಬಂದರೂ ನನ್ನ ಕಣ್ಣು ಅವರ ಚೀಲದ ಮೇಲೆಯೇ. ಪಕ್ಕದಲ್ಲಿ ನನ್ನಾಕೆ ನಿಶ್ಚಿಂತೆಯಿಂದ ಕಿಟಕಿಯಾಚೆ ನೋಡುತ್ತಿರುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಕ್ಯಾಶೂ ಬೇಡ, ಸ್ಕ್ಯಾನೂ ಬೇಡ, ಆಧಾರ್ ಕಾರ್ಡು ಸಾಕು.

ಕೊನೆಗೆ ನಾನೊಂದು ನೀತಿ ಮಾಡಿಕೊಂಡೆ. ಅಕ್ಕಿ, ಹಾಲು, ಕರೆಂಟ್ ಬಿಲ್ಲು ಮುಂತಾದ ಸದ್ಗೃಹಸ್ಥನ ಖರ್ಚೆಲ್ಲ ಫೋನಿನಲ್ಲಿ. ಬೋಂಡಾ ಮಾತ್ರ ನಗದಿನಲ್ಲಿ. ಆದರೆ ನಗದು ತೆಗೆದದ್ದನ್ನೂ ಬ್ಯಾಂಕು ಮನೆಗೆ ತಿಳಿಸುತ್ತದೆಂಬುದು ಹೊಳೆದಿರಲಿಲ್ಲ. “ಐನೂರು ತೆಗೆದಿದೀರಲ್ಲ, ಇಡೀ ಬಾಣಲೆಯನ್ನೇ ತಿಂದ್ರಾ?” ಎಂಬ ಪ್ರಶ್ನೆ ಬಂತು. ಇನ್ನು ಉಳಿದದ್ದು ಅವಳ ಕೈಯಿಂದಲೇ ನಗದು ಇಸಿದುಕೊಳ್ಳುವ ದಾರಿ.

“ಸೊಪ್ಪಿಗೆ ನೂರು ರೂಪಾಯಿ ಕೊಡು. ಸೊಪ್ಪಿನಮ್ಮ ಕ್ಯಾಶೇ ಬೇಕು ಅಂತಾರೆ.”

“ಹೌದಾ? ನೂರಾಹತ್ತು ತಗೊಂಡ್ಹೋಗಿ. ನೆನ್ನೆ ಫೋನಲ್ಲಿ ಹಾಕಿದಾಗ ಹತ್ತು ಕಮ್ಮಿ ಬಂತು ಅಂತ ಆಗಲೇ ಫೋನ್ ಮಾಡಿದ್ರು.”